ಸೂಕ್ಷ್ಮಪಾಚಿಯಿಂದ ಜೈವಿಕ ಡೀಸೆಲ್‌ಗೆ ಎಣ್ಣೆ ತೆಗೆಯುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪಾಚಿಯಿಂದ ಎಣ್ಣೆ ತೆಗೆಯಲು ಹೊರಟವರ ದೂರು ಹೆಚ್ಚುಕಡಿಮೆ ಒಂದೇ: “ಹೇಳಿದಷ್ಟು ಹೆಕ್ಸೇನ್ ಹಾಕಿದೆ, ಹೇಳಿದಷ್ಟು ಹೊತ್ತು ಕಲಕಿದೆ, ಕೊನೆಗೆ ಸಿಕ್ಕಿದ್ದು ಫ್ಲಾಸ್ಕಿನ ತಳಕ್ಕೆ ಅಂಟಿದ ಹಸಿರು ಜಿಡ್ಡು ಮಾತ್ರ.” ಮುಂದಿನ ಸಲ ಅವರು ದ್ರಾವಕ (ಎಣ್ಣೆಯನ್ನು ಕರಗಿಸಿ ಹೊರತರುವ ಹೆಕ್ಸೇನ್‌ನಂಥ ದ್ರವ) ಬದಲಿಸುತ್ತಾರೆ, ಅದರ ಮುಂದಿನ ಸಲ ಬಿಸಿ ಹೆಚ್ಚಿಸುತ್ತಾರೆ. ಫಲಿತಾಂಶ ಬದಲಾಗುವುದಿಲ್ಲ. ಬಹುತೇಕ ಪ್ರಯತ್ನಗಳಲ್ಲಿ ದ್ರಾವಕದ ಬಾಟಲಿ ತೆರೆಯುವ ಮೊದಲೇ ಎಣ್ಣೆ ಕೈತಪ್ಪಿರುತ್ತದೆ. ಕೋಶದ ಗೋಡೆ ಒಡೆದಿರುವುದಿಲ್ಲ, ಇಲ್ಲವೇ ಪಾಚಿಯಲ್ಲಿ ನೀರು ಉಳಿದಿರುತ್ತದೆ, ಇಲ್ಲವೇ ಕೊಯ್ದ ಪಾಚಿ ಒಂದು ರಾತ್ರಿ ಸುಮ್ಮನೆ ಕೂತಿರುತ್ತದೆ. ಈ ಮೂರನ್ನು ಸರಿಪಡಿಸಿಕೊಂಡರೆ ಉಳಿದದ್ದು ತಾಳ್ಮೆಯ ಕೆಲಸ. ಅದಕ್ಕಾಗಿಯೇ ಈ ಬರಹದಲ್ಲಿ ದ್ರಾವಕಕ್ಕಿಂತ ಅದರ ಹಿಂದಿನ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಆರಂಭಿಸುವ ಮೊದಲು: ಲೆಕ್ಕ, ಸಲಕರಣೆ, ಜಾಗ

ಮೊದಲು ಲೆಕ್ಕ ಹಾಕಿ. ತೆರೆದ ಕೊಳದ ಪಾಚಿ ನೀರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ ಅರ್ಧ ಗ್ರಾಂನಷ್ಟು ಒಣ ಪಾಚಿ ಇರುತ್ತದೆ. ಅಂದರೆ 100 ಲೀಟರ್ ನೀರಿನಿಂದ 50 ಗ್ರಾಂ. ಅದರಲ್ಲಿ ಶೇ. 20 ಲಿಪಿಡ್, ಅಂದರೆ ಕೊಬ್ಬಿನ ಅಂಶ, ಇದ್ದರೆ 10 ಗ್ರಾಂ. ಆ ಹತ್ತರಲ್ಲೂ ಎಲ್ಲವೂ ಡೀಸೆಲ್ ಆಗುವುದಿಲ್ಲ, ಏಕೆಂದರೆ ಹರಿತ್ತು (ಪಾಚಿಗೆ ಹಸಿರು ಬಣ್ಣ ಕೊಡುವ ವಸ್ತು), ಫಾಸ್ಫೋಲಿಪಿಡ್ (ಕೋಶದ ಪೊರೆಯಲ್ಲಿರುವ, ರಂಜಕ ಸೇರಿದ ಕೊಬ್ಬು) ಮುಂತಾದವೂ ಅದೇ ತೂಕದಲ್ಲಿ ಸೇರಿರುತ್ತವೆ. ಈ ಅಂದಾಜು ಮನಸ್ಸಿನಲ್ಲಿದ್ದರೆ ಹತ್ತು ಲೀಟರ್ ಪಾಚಿ ನೀರಿನಿಂದ ಸೀಸೆ ತುಂಬ ಎಣ್ಣೆ ನಿರೀಕ್ಷಿಸಿ ನಿರಾಶರಾಗುವುದು ತಪ್ಪುತ್ತದೆ.

ಬೇಕಾದ ಮುಖ್ಯ ಸಲಕರಣೆಗಳು ಇವು: ಸೂಕ್ಷ್ಮದರ್ಶಕ, ಕೋಶ ಎಣಿಸುವ ಗಾಜು, ಸೆಂಟ್ರಿಫ್ಯೂಜ್, ಮಿಲಿಗ್ರಾಂವರೆಗೆ ತೂಗುವ ತಕ್ಕಡಿ, ಓವನ್ ಅಥವಾ ಶೀತ ಶುಷ್ಕಕ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವ ಯಂತ್ರ), ಮಣಿ ಗಿರಣಿ ಅಥವಾ ಶ್ರವಣಾತೀತ ಧ್ವನಿಯ ಉಪಕರಣ, ಬೇರ್ಪಡಿಸುವ ಆಲಿಕೆ, ರೋಟರಿ ಇವಾಪರೇಟರ್ (ನಿರ್ವಾತದಲ್ಲಿ ದ್ರಾವಕವನ್ನು ಆವಿ ಮಾಡುವ ಯಂತ್ರ), ಪಿಎಚ್ ಮೀಟರ್. ದ್ರಾವಕ ಮುಟ್ಟುವ ಪಾತ್ರೆಗಳೆಲ್ಲ ಗಾಜಿನವೇ ಆಗಿರಲಿ. ಪ್ಲಾಸ್ಟಿಕ್ ಬಳಸಿದರೆ ಅದರೊಳಗಿನ ಮೃದುಕಾರಕಗಳು ದ್ರಾವಕದಲ್ಲಿ ಕರಗಿ ಎಣ್ಣೆಯ ತೂಕಕ್ಕೆ ಸೇರಿಕೊಳ್ಳುತ್ತವೆ. ಆಲಿಕೆಯ ತಿರುಪಿಗೆ ಸವರುವ ಗ್ರೀಸ್ ಕೂಡ ಇದೇ ತಪ್ಪು ಮಾಡುತ್ತದೆ.

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ. ಹೆಕ್ಸೇನ್ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಅದರ ಆವಿ ಶೇ. 1ರಷ್ಟು ಸೇರಿದರೂ ಸ್ಫೋಟಕ್ಕೆ ಸಾಕು. ಆ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಮೇಲಕ್ಕೇರಿ ಚದುರಿಹೋಗದೆ ಮೇಜಿನಿಂದ ಇಳಿದು ನೆಲದ ಮೇಲೆ ಹರಿಯುತ್ತದೆ, ದೂರದ ಕಿಡಿಯನ್ನು ತಲುಪಿ ಹೊತ್ತಿಕೊಂಡು ಬೆಂಕಿಯಾಗಿ ಹಿಂದಿರುಗಿ ಬರುತ್ತದೆ. ದೀರ್ಘಕಾಲ ಉಸಿರಾಡಿದರೆ ಕೈಕಾಲಿನ ನರಗಳಿಗೆ ಹಾನಿ. ಡೀಸೆಲ್ ಮಾಡಲು ಬಳಸುವ ಮೆಥನಾಲ್ ಕಣ್ಣಿನ ದೃಷ್ಟಿಯನ್ನೇ ಕಸಿಯಬಲ್ಲದು. ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆದು ಹಾಕುವ ಗಾಜಿನ ಗೂಡು), ಕಿಡಿ ಹಾರದ ಬಿಸಿತಟ್ಟೆ, ದ್ರಾವಕ ತಡೆಯುವ ಕೈಗವಸು, ಕನ್ನಡಕ ಇಲ್ಲದಿದ್ದರೆ ಐದನೆಯ ಹಂತಕ್ಕೆ ಹೋಗಬೇಡಿ.

## ಹಂತ 1: ಎಣ್ಣೆ ಇದೆಯೇ ಎಂದು ಮೊದಲು ನೋಡಿ

ಇಲ್ಲದ ಎಣ್ಣೆಯನ್ನು ಯಾವ ವಿಧಾನವೂ ತೆಗೆಯಲಾರದು. ಕ್ಲೋರೆಲ್ಲಾ, ನ್ಯಾನೋಕ್ಲೋರೊಪ್ಸಿಸ್, ಸೀನೆಡೆಸ್ಮಸ್ ಎಣ್ಣೆಗೆ ಹೆಸರಾದ ಕುಲಗಳು. ಆದರೆ ಸಮೃದ್ಧ ಗೊಬ್ಬರದಲ್ಲಿ ವೇಗವಾಗಿ ಬೆಳೆಯುತ್ತಿರುವಾಗ ಇವು ಎಣ್ಣೆ ಕೂಡಿಡುವುದಿಲ್ಲ, ವಿಭಜನೆಯಲ್ಲಿ ತೊಡಗಿರುತ್ತವೆ. ನೀರಿನಲ್ಲಿ ಸಾರಜನಕ ಮುಗಿದಾಗ ವಿಭಜನೆ ನಿಲ್ಲುತ್ತದೆ, ಬೆಳಕಿನಿಂದ ಗಳಿಸಿದ ಇಂಗಾಲ ಟ್ರೈಗ್ಲಿಸರೈಡ್ (ಡೀಸೆಲ್ ಆಗುವ ಕೊಬ್ಬು) ಆಗಿ ಹನಿಗಟ್ಟುತ್ತದೆ. ಕಡು ಹಸಿರು ನೀರು ಹಳದಿ ಮಿಶ್ರಿತ ಹಸಿರಿಗೆ ತಿರುಗುವುದೇ ಇದರ ಸೂಚನೆ. ಸಾಮಾನ್ಯವಾಗಿ ಸಾರಜನಕವಿಲ್ಲದೆ ಕೆಲವು ದಿನ ಬಿಟ್ಟ ನಂತರ ಕೊಯ್ಯುವುದು ಸರಿ.

ಸೂಕ್ಷ್ಮದರ್ಶಕದಲ್ಲಿ ಕೋಶದೊಳಗೆ ಬೆಳಕನ್ನು ಬಾಗಿಸುವ ಹೊಳೆಯುವ ದುಂಡು ಹನಿಗಳು ಕಾಣಬೇಕು. ಪ್ರತಿದೀಪ್ತಿ ಸೂಕ್ಷ್ಮದರ್ಶಕವಿದ್ದರೆ ನೈಲ್ ರೆಡ್ ಬಣ್ಣ ಹಾಕಿ ನೋಡಿ. ಎಣ್ಣೆಹನಿ ಹಳದಿ ಚಿನ್ನದಂತೆ, ಹರಿತ್ತು ಕೆಂಪಗೆ ಹೊಳೆಯುತ್ತದೆ. ಹನಿ ಕಾಣದಿದ್ದರೆ ಕೊಯ್ಯಬೇಡಿ, ಕಾಯಿರಿ.

ಕುಲದ ಆಯ್ಕೆಯಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಸುಲಭವಾಗಿ ಸಿಗುತ್ತದೆಂದು ಸ್ಪಿರುಲಿನಾ ಹಿಡಿಯುವುದು ಒಂದು. ಅದು ಪ್ರೋಟೀನಿನ ಕಣಜ, ಲಿಪಿಡ್ ಶೇ. 10ನ್ನೂ ದಾಟುವುದು ಕಷ್ಟ. ಇನ್ನೊಂದು, ಎಣ್ಣೆ ಹೇರಳವೆಂದು ಬೊಟ್ರಿಯೊಕಾಕಸ್ ಬ್ರೌನಿ ಬೆಳೆಸುವುದು. ಅದರಲ್ಲಿ ಹೆಚ್ಚಾಗಿರುವುದು ಹೈಡ್ರೋಕಾರ್ಬನ್. ಅದು ಮೆಥನಾಲ್ ಜತೆ ಸೇರಿ ಜೈವಿಕ ಡೀಸೆಲ್ ಆಗುವ ಕೊಬ್ಬಲ್ಲ.

## ಹಂತ 2: ಕೊಯ್ಲು ಮತ್ತು ತೊಳೆತ

ಸಂಜೆ ಕೊಯ್ಯಿರಿ. ರಾತ್ರಿ ಬೆಳಕಿಲ್ಲದಾಗ ಕೋಶಗಳು ಹಗಲಿನ ಗಳಿಕೆಯ ಒಂದು ಪಾಲನ್ನು ಉಸಿರಾಟಕ್ಕೆ ಖರ್ಚು ಮಾಡುತ್ತವೆ.

ನೀರು ಹೆಚ್ಚಿದ್ದರೆ ಮೊದಲು ಪಾಚಿಯನ್ನು ಗರಣೆಗಟ್ಟಿಸಿ ಕೆಳಗಿಳಿಸಬೇಕು. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ ಅನ್ನು 10.5ರ ಆಚೆಗೆ ಏರಿಸಿದರೆ ಹಲವು ಪಾಚಿಗಳು ತಾವಾಗಿ ಗುಂಪುಗೂಡಿ ತಳ ಸೇರುತ್ತವೆ. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಕೂಡ ಸಿಹಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಪಟಿಕ ಅಗ್ಗ, ನಿಜ. ಆದರೆ ಅದರ ಅಲ್ಯೂಮಿನಿಯಂ ಪಾಚಿಯ ಜತೆಗೇ ಉಳಿದು ಒಣತೂಕವನ್ನು ಸುಳ್ಳಾಗಿ ಹೆಚ್ಚಿಸುತ್ತದೆ. ಆಮೇಲೆ ಎಣ್ಣೆಯ ಶೇಕಡಾವಾರು ಕಡಿಮೆ ಬಂತೆಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಅಳತೆಯ ಕೆಲಸಕ್ಕೆ ಪಟಿಕ ಬೇಡ.

ತಳದ ಗಸಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ಗುರುತ್ವದ 3000ದಿಂದ 4000 ಪಟ್ಟು ಬಲದಲ್ಲಿ ಹತ್ತು ನಿಮಿಷ ಸುತ್ತಿಸಿ, ತಿಳಿಯನ್ನು ಬಸಿದು, ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ ತೊಳೆಯಿರಿ. ಸಮುದ್ರದ ಪಾಚಿಯನ್ನು ಬರಿಯ ನೀರಿನಲ್ಲಿ ತೊಳೆದರೆ ಕೋಶಗಳು ಉಬ್ಬಿ ಒಡೆದು ಒಳಗಿನದ್ದು ತೊಳೆದ ನೀರಿನೊಂದಿಗೆ ಹೋಗಬಹುದು. ತೊಳೆಯದೆ ಬಿಟ್ಟರೆ ಉಪ್ಪು ತೂಕಕ್ಕೆ ಸೇರುತ್ತದೆ. ಇದಕ್ಕೆ ಲೀಟರಿಗೆ ಅರ್ಧ ಮೋಲ್ ಅಮೋನಿಯಂ ಫಾರ್ಮೇಟ್ ದ್ರಾವಣ ಸೂಕ್ತ. ಒಣಗುವಾಗ ಅದು ಆವಿಯಾಗಿ ಹೋಗುತ್ತದೆ.

ಇಲ್ಲಿ ನಿಲ್ಲಬೇಡಿ. ಕೊಯ್ದ ಕ್ಷಣದಿಂದ ಕೋಶದೊಳಗಿನ ಲೈಪೇಸ್ ಕಿಣ್ವ ಟ್ರೈಗ್ಲಿಸರೈಡನ್ನು ತುಂಡರಿಸಿ ಮುಕ್ತ ಕೊಬ್ಬಿನಾಮ್ಲ ಮಾಡತೊಡಗುತ್ತದೆ. ಒಮ್ಮೆ ನಾನು ತಡವಾಯಿತೆಂದು ಪಾಚಿಯ ಮುದ್ದೆಯನ್ನು ಸಾಮಾನ್ಯ ಫ್ರಿಜ್ಜಿನಲ್ಲಿಟ್ಟು ಹೋಗಿದ್ದೆ. ಮರುದಿನ ತೆಗೆದ ಎಣ್ಣೆ ನೋಡಲು ಸರಿಯಾಗಿಯೇ ಇತ್ತು. ಡೀಸೆಲ್ ಮಾಡಲು ಕ್ಷಾರ ಹಾಕಿದಾಗ ಅದು ಆ ಮುಕ್ತ ಆಮ್ಲದೊಂದಿಗೆ ಸೇರಿ ಇಡೀ ಫ್ಲಾಸ್ಕ್ ಸಾಬೂನಿನ ಗಟ್ಟಿಯಾಯಿತು, ವಾರಗಳ ಬೆಳೆ ಹೋಯಿತು. 4 ಡಿಗ್ರಿ ತಂಪು ಕಿಣ್ವವನ್ನು ನಿಧಾನಗೊಳಿಸಬಹುದು, ನಿಲ್ಲಿಸಲಾರದು. ಅದೇ ದಿನ ಮುಂದುವರಿಯಲಾಗದಿದ್ದರೆ ತೆಳುವಾಗಿ ಹರಡಿ ಸೊನ್ನೆಗಿಂತ 20 ಡಿಗ್ರಿ ಅಥವಾ ಇನ್ನೂ ಕೆಳಗಿನ ತಾಪದಲ್ಲಿ ಹೆಪ್ಪುಗಟ್ಟಿಸಿ. ಕಮಟು ವಾಸನೆ ಬಂದ ಮುದ್ದೆಯನ್ನು ಮುಂದಿನ ಹಂತಕ್ಕೆ ಒಯ್ಯಬೇಡಿ.

## ಹಂತ 3: ಕೋಶದ ಗೋಡೆ ಒಡೆಯುವುದು

ಹೆಚ್ಚಿನವರು ಸೋಲುವುದು ಇಲ್ಲಿಯೇ. ಎಣ್ಣೆಕಾಳನ್ನು ಗಾಣದಲ್ಲಿ ಹಿಂಡಿದಂತೆ ಪಾಚಿಯನ್ನು ಹಿಂಡಲಾಗದು. ನ್ಯಾನೋಕ್ಲೋರೊಪ್ಸಿಸ್ ಕೋಶದ ಅಗಲ 2ರಿಂದ 4 ಮೈಕ್ರೋಮೀಟರ್. ಒರಳು ಒನಕೆಗಳ ನಡುವಿನ ಸಂದಿಗೆ ಹೋಲಿಸಿದರೆ ಅದು ಧೂಳಿಗಿಂತ ಸಣ್ಣದು, ನುಸುಳಿ ಪಾರಾಗುತ್ತದೆ. ಮೇಲಾಗಿ ಅದರ ಗೋಡೆಯಲ್ಲಿ ಆಲ್ಜೀನಾನ್ ಎಂಬ ವಸ್ತುವಿದೆ. ಆಮ್ಲಕ್ಕೂ ಕ್ಷಾರಕ್ಕೂ ಜಗ್ಗದ ಪದರ ಅದು. ಸೀನೆಡೆಸ್ಮಸ್ ಮತ್ತು ಕೆಲವು ಕ್ಲೋರೆಲ್ಲಾ ಪ್ರಭೇದಗಳಲ್ಲೂ ಇಂಥದೇ ಗಟ್ಟಿ ಗೋಡೆ. ಇದಕ್ಕೆ ವಿರುದ್ಧವಾಗಿ ಡ್ಯೂನಲಿಯೆಲ್ಲಾಗೆ ಗಟ್ಟಿ ಗೋಡೆಯೇ ಇಲ್ಲ, ಅದನ್ನು ಬೆಳೆಸುವವರಿಗೆ ಈ ಹಂತ ಬೇಕಾಗುವುದಿಲ್ಲ.

ಕ್ರಮದ ಬಗ್ಗೆ ನನ್ನ ನಿಲುವು ಸ್ಪಷ್ಟ: ಒಡೆಯುವುದು ಮೊದಲು, ಒಣಗಿಸುವುದು ಆಮೇಲೆ. ಹಸಿ ಮುದ್ದೆ ನೀರಿನಲ್ಲಿ ಕದಡುತ್ತದೆ, ಪ್ರತಿ ಕೋಶಕ್ಕೂ ಪೆಟ್ಟು ಬೀಳುತ್ತದೆ. ಒಣಗಿದ ಹಪ್ಪಳೆಯಲ್ಲಿ ಕೋಶಗಳು ಒಂದಕ್ಕೊಂದು ಅಂಟಿ ಒಳಗಿನವು ಹೊರಗಿನವುಗಳ ಮರೆಯಲ್ಲಿ ಉಳಿಯುತ್ತವೆ.

ಮಣಿ ಗಿರಣಿ. ನನಗೆ ಅತ್ಯಂತ ನಂಬಿಕೆಯ ವಿಧಾನ. ಮುದ್ದೆಯನ್ನು ತಣ್ಣನೆ ನೀರಿನಲ್ಲಿ ಗಂಜಿಯಷ್ಟು ತೆಳುವಾಗಿ ಕದಡಿ, 0.5 ಮಿಲಿಮೀಟರ್ ಅಥವಾ ಇನ್ನೂ ಸಣ್ಣ ಗಾಜಿನ ಇಲ್ಲವೇ ಜಿರ್ಕೋನಿಯಾ ಮಣಿಗಳ ಜತೆ ತುಂಬಿ. ಒಂದು ನಿಮಿಷ ಓಡಿಸಿ, ಒಂದು ನಿಮಿಷ ಮಂಜುಗಡ್ಡೆಯಲ್ಲಿಡಿ. ಹೀಗೆ ಐದರಿಂದ ಹತ್ತು ಸುತ್ತು. ದೊಡ್ಡ ಮಣಿ ಹಾಕಿ ಹೊತ್ತು ಹೆಚ್ಚಿಸುವುದು ವ್ಯರ್ಥ ಶ್ರಮ. ಮಣಿ ಸಣ್ಣದಾದಷ್ಟೂ ಡಿಕ್ಕಿಗಳು ಹೆಚ್ಚು.

ಶ್ರವಣಾತೀತ ಧ್ವನಿ. 20 ಕಿಲೋಹರ್ಟ್ಸ್ ಕಡ್ಡಿಯನ್ನು ಗಂಜಿಯಲ್ಲಿ ಮುಳುಗಿಸಿ, 30 ಸೆಕೆಂಡ್ ಓಡಿಸಿ, 30 ಸೆಕೆಂಡ್ ಬಿಡಿ. ಓಡಿದ ಹೊತ್ತು ಒಟ್ಟು 10ರಿಂದ 15 ನಿಮಿಷ ಆಗಲಿ. ಪಾತ್ರೆ ಸದಾ ಮಂಜುಗಡ್ಡೆಯಲ್ಲಿರಬೇಕು. ಕಡ್ಡಿಯ ತುದಿ ತಳ ಮುಟ್ಟಬಾರದು, ತೀರಾ ಮೇಲೂ ಇರಬಾರದು. ನೊರೆ ಎದ್ದರೆ ಶಕ್ತಿ ನೊರೆಯಲ್ಲೇ ಮುಗಿಯುತ್ತಿದೆ ಎಂದರ್ಥ, ಕಡ್ಡಿಯನ್ನು ಕೆಳಗಿಳಿಸಿ. ಪಾತ್ರೆ ತೊಳೆಯಲು ಬಳಸುವ ಶ್ರವಣಾತೀತ ತೊಟ್ಟಿ ಈ ಗೋಡೆಗಳಿಗೆ ಸಾಲದು. ಹೆಕ್ಸೇನ್ ಇರುವ ಪಾತ್ರೆಯಲ್ಲಿ ಕಡ್ಡಿ ಮುಳುಗಿಸಲೇಬೇಡಿ.

ಮೈಕ್ರೋವೇವ್, ಅಧಿಕ ಒತ್ತಡದ ಹೋಮೊಜಿನೈಸರ್ ಕೂಡ ಇವೆ. ಎರಡನೆಯದು ದೊಡ್ಡ ಪ್ರಮಾಣಕ್ಕೆ ಒಳ್ಳೆಯದು. ಮನೆಯ ಮೈಕ್ರೋವೇವ್ ಬೇಡ.

ಒಡೆದಿದೆಯೇ? ಎಣಿಸಿ ನೋಡಿ. ಒಡೆಯುವ ಮೊದಲು ಮತ್ತು ನಂತರ ಒಂದೇ ಪ್ರಮಾಣದಲ್ಲಿ ತೆಳುಗೊಳಿಸಿದ ಹನಿಯನ್ನು ಎಣಿಕೆಯ ಗಾಜಿನ ಮೇಲಿಟ್ಟು ಒಡೆಯದ ಇಡೀ ಕೋಶಗಳನ್ನು ಎಣಿಸಿ. ನೂರಕ್ಕೆ ಎಂಬತ್ತಾದರೂ ಮಾಯವಾಗಿರಬೇಕು. ಎಣಿಸಲು ಆಗದಿದ್ದರೆ ಸ್ವಲ್ಪ ಗಂಜಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ಸುತ್ತಿಸಿ. ಮೇಲಿನ ನೀರು ಮೊದಲಿನಂತೆ ತಿಳಿಯಾಗಿದ್ದರೆ ಏನೂ ಒಡೆದಿಲ್ಲ. ಹಸಿರಾಗಿ ಕದಡಿದ್ದರೆ ಒಡೆದಿದೆ. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಎರಡು ದಿನದ ದ್ರಾವಕದ ಕೆಲಸಕ್ಕೆ ಇಳಿಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

## ಹಂತ 4: ಒಣಗಿಸುವುದು

ಒಡೆದ ಗಂಜಿಯನ್ನು ಕಾಯಿಸಿಡಬೇಡಿ. ಈಗ ಕಿಣ್ವಕ್ಕೂ ಎಣ್ಣೆಗೂ ನಡುವೆ ಗೋಡೆಯಿಲ್ಲ. ಶೀತ ಶುಷ್ಕಕವಿದ್ದರೆ ತಕ್ಷಣ ಹೆಪ್ಪುಗಟ್ಟಿಸಿ ಒಣಗಿಸಿ, ಅದಕ್ಕಿಂತ ಉತ್ತಮ ದಾರಿಯಿಲ್ಲ. ಓವನ್ ಮಾತ್ರ ಇದ್ದರೆ ಗಂಜಿಯ ಪಾತ್ರೆಯನ್ನು ಮುಚ್ಚಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಕಿಣ್ವವನ್ನು ಕೊಲ್ಲಿರಿ. ಬಳಿಕ ಗಾಜಿನ ತಟ್ಟೆಯಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಹರಡಿ 60 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ದಪ್ಪ ಹರಡಿದರೆ ಮೇಲೆ ಹಕ್ಕಳೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಹರಿತ್ತು ಬೆಳಕನ್ನು ಹೀರಿ ಎಣ್ಣೆಯನ್ನು ಆಕ್ಸಿಡೀಕರಿಸುತ್ತದೆ.

ಒಣಗಿದ್ದು ಸಾಕೇ ಎಂಬುದನ್ನು ತಕ್ಕಡಿ ಹೇಳಬೇಕು. ಒಂದು ಗ್ರಾಂ ಬೇರೆ ತೆಗೆದು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಇಡಿ. ಶೇ. 5ಕ್ಕಿಂತ ಹೆಚ್ಚು ಇಳಿದರೆ ಉಳಿದ ಪಾಚಿ ಇನ್ನೂ ಹಸಿಯೇ. ಆ ಒಂದು ಗ್ರಾಂ ಪರೀಕ್ಷೆಗಷ್ಟೇ, ಅದನ್ನು ಮತ್ತೆ ರಾಶಿಗೆ ಸೇರಿಸಬೇಡಿ. ಒಣಗಿದ ಹಪ್ಪಳೆಯನ್ನು ಒರಳಿನಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಿ.

## ಹಂತ 5: ದ್ರಾವಕದಿಂದ ಎಣ್ಣೆ ಬಿಡಿಸುವುದು

ಹೆಕ್ಸೇನ್ ಒಂದನ್ನೇ ಬಳಸಿದರೆ ಹೊರಗೆ ಸಿಕ್ಕ ಹನಿಗಳು ಮಾತ್ರ ಬರುತ್ತವೆ. ಪ್ರೋಟೀನು, ಪೊರೆಗಳಿಗೆ ಅಂಟಿಕೊಂಡ ಕೊಬ್ಬನ್ನು ಬಿಡಿಸಲು ಅದರ ಜತೆ ಒಂದು ಧ್ರುವೀಯ (ನೀರಿನೊಂದಿಗೂ ಬೆರೆಯುವ ಬಗೆಯ) ದ್ರಾವಕ ಬೇಕು. ಹೆಕ್ಸೇನ್ ಮೂರು ಪಾಲು, ಐಸೋಪ್ರೊಪನಾಲ್ ಎರಡು ಪಾಲು ಎಂಬ ಮಿಶ್ರಣವನ್ನು ನಾನು ಶಿಫಾರಸು ಮಾಡುತ್ತೇನೆ.

1. 10 ಗ್ರಾಂ ಪುಡಿಗೆ 150ರಿಂದ 200 ಮಿಲಿಲೀಟರ್ ಮಿಶ್ರಣ ಹಾಕಿ, ಮುಚ್ಚಿದ ಗಾಜಿನ ಫ್ಲಾಸ್ಕಿನಲ್ಲಿ ಕೋಣೆಯ ತಾಪದಲ್ಲಿ ಎರಡು ಗಂಟೆ ಕಲಕಿ. ಫ್ಲಾಸ್ಕಿಗೆ ತಗಡಿನ ಹಾಳೆ ಸುತ್ತಿ ಬೆಳಕು ತಡೆಯಿರಿ.

2. ಗಾಜುನಾರಿನ ಶೋಧಕದಲ್ಲಿ ಸೋಸಿ. ಹಿಂಡಿಯನ್ನು ಮತ್ತೆ ಫ್ಲಾಸ್ಕಿಗೆ ಹಾಕಿ ಹೊಸ ದ್ರಾವಕದಲ್ಲಿ ಇನ್ನೆರಡು ಸಲ ಇದೇ ರೀತಿ ಮಾಡಿ. ಒಂದೇ ಸಲ ಮೂರು ಪಟ್ಟು ದ್ರಾವಕ ಹಾಕುವುದಕ್ಕಿಂತ ಮೂರು ಸಲ ಒಂದೊಂದು ಪಟ್ಟು ಹಾಕುವುದು ಹೆಚ್ಚು ಎಣ್ಣೆ ಕೊಡುತ್ತದೆ. ಮೊದಲ ಪ್ರಯತ್ನದಲ್ಲಿ ಮೂರನೆಯ ಸೋಸನ್ನು ಪ್ರತ್ಯೇಕವಾಗಿ ಆವಿ ಮಾಡಿ ತೂಗಿ. ಮೊದಲಿನದರ ಹತ್ತನೇ ಒಂದಕ್ಕಿಂತ ಹೆಚ್ಚಿದ್ದರೆ ನಾಲ್ಕನೆಯ ಸುತ್ತು ಬೇಕು.

3. ಸೋಸುಗಳನ್ನು ಆಲಿಕೆಯಲ್ಲಿ ಸೇರಿಸಿ, ಸೋಡಿಯಂ ಸಲ್ಫೇಟ್ ಕರಗಿಸಿದ ನೀರು ಹಾಕಿ. ಐಸೋಪ್ರೊಪನಾಲ್, ಸಕ್ಕರೆ, ಉಪ್ಪು ಕೆಳಗಿನ ನೀರಿಗೆ ಇಳಿಯುತ್ತವೆ. ಎಣ್ಣೆ ಮೇಲಿನ ಹೆಕ್ಸೇನ್ ಪದರದಲ್ಲಿ ಉಳಿಯುತ್ತದೆ. ಆಲಿಕೆಯನ್ನು ಜೋರಾಗಿ ಕುಲುಕಬೇಡಿ, ಮೆಲ್ಲಗೆ ತಲೆಕೆಳಗು ಮಾಡಿ, ಪ್ರತಿ ಸಲ ತಿರುಪು ತೆರೆದು ಒತ್ತಡ ಬಿಡಿ.

4. ಎರಡು ಪದರಗಳ ನಡುವೆ ಮಜ್ಜಿಗೆಯಂಥ ದಪ್ಪ ಪಟ್ಟಿ ನಿಂತರೆ ಅದು ಎಮಲ್ಷನ್, ಅಂದರೆ ಸಣ್ಣ ಹನಿಗಳಾಗಿ ಒಂದರೊಳಗೊಂದು ಬೆರೆತ ಎರಡು ಪದರಗಳ ದ್ರವ. ಇನ್ನಷ್ಟು ಕುಲುಕಿದರೆ ಇನ್ನಷ್ಟು ಬೆಳೆಯುತ್ತದೆ. ಉಪ್ಪು ಸೇರಿಸಿ ಕಾಯಿರಿ, ಬಿಡದಿದ್ದರೆ ಆ ಪಟ್ಟಿಯನ್ನಷ್ಟೇ ಗಾಜಿನ ನಳಿಕೆಯಲ್ಲಿ ಸೆಂಟ್ರಿಫ್ಯೂಜ್ ಮಾಡಿ. ಚೆಲ್ಲಬೇಡಿ, ಅದರಲ್ಲೂ ಎಣ್ಣೆ ಇದೆ.

5. ಹೆಕ್ಸೇನ್ ಪದರಕ್ಕೆ ನೀರಿಲ್ಲದ ಸೋಡಿಯಂ ಸಲ್ಫೇಟ್ ಪುಡಿ ಹಾಕಿ. ಪುಡಿ ಗಂಟುಕಟ್ಟಿದರೆ ಇನ್ನೂ ನೀರಿದೆ. ಫ್ಲಾಸ್ಕ್ ಅಲುಗಿಸಿದಾಗ ಪುಡಿ ಮರಳಿನಂತೆ ಬಿಡಿಬಿಡಿಯಾಗಿ ಹರಿಯುವವರೆಗೆ ಸೇರಿಸಿ, ಬಳಿಕ ಸೋಸಿ.

ಸಾಕ್ಸ್‌ಲೆಟ್ ಉಪಕರಣ (ಬಿಸಿ ದ್ರಾವಕವನ್ನು ಪುಡಿಯ ಮೂಲಕ ಮತ್ತೆ ಮತ್ತೆ ಹರಿಸುವ ಗಾಜಿನ ಸಾಧನ) ಇರುವವರು ಬರಿಯ ಹೆಕ್ಸೇನ್‌ನಲ್ಲಿ ಆರರಿಂದ ಎಂಟು ಗಂಟೆ ನಡೆಸಬಹುದು. ಪುಡಿ ಪೂರ್ತಿ ಒಣಗಿದ್ದು ಒಡೆದಿದ್ದರೆ ಮಾತ್ರ ಅದು ಫಲಕಾರಿ. ಬ್ಲೈ ಮತ್ತು ಡೈಯರ್ 1959ರಲ್ಲಿ ರೂಪಿಸಿದ ಕ್ಲೋರೋಫಾರ್ಮ್–ಮೆಥನಾಲ್–ನೀರಿನ ವಿಧಾನ ಒಟ್ಟು ಲಿಪಿಡ್ ಅಳೆಯಲು ಒಳ್ಳೆಯದು. ಡೀಸೆಲ್ ಮಾಡುವ ಎಣ್ಣೆಗೆ ಅದನ್ನು ಬಳಸಬೇಡಿ. ಮೆಥನಾಲ್ ಇರುವಲ್ಲಿ ಕ್ಲೋರೋಫಾರ್ಮ್ ಪ್ರಬಲ ಕ್ಷಾರವನ್ನು ಸಂಧಿಸಿದರೆ ಸ್ಫೋಟದಂತೆ ಪ್ರತಿಕ್ರಿಯಿಸಬಲ್ಲದು. ಮುಂದಿನ ಹಂತಗಳಲ್ಲಿ ನೀವು ಹಾಕುವುದು ಅದೇ ಕ್ಷಾರ.

## ಹಂತ 6: ದ್ರಾವಕ ಆವಿ ಮಾಡಿ ತೂಗುವುದು

ಖಾಲಿ ಫ್ಲಾಸ್ಕನ್ನು ಮೊದಲೇ ತೂಗಿ ಬರೆದಿಡಿ. ಇದನ್ನು ಮರೆತರೆ ಅಲ್ಲಿಯವರೆಗಿನ ಅಳತೆಯೆಲ್ಲ ವ್ಯರ್ಥ. ರೋಟರಿ ಇವಾಪರೇಟರ್‌ನಲ್ಲಿ 40 ಡಿಗ್ರಿ ನೀರು, ನಿಧಾನವಾಗಿ ಏರಿಸಿದ ನಿರ್ವಾತ. ಕೊನೆಯ ಹನಿಗಳನ್ನು ಸಾರಜನಕ ಅನಿಲ ಊದಿ ಓಡಿಸಿ. ಅರ್ಧ ಗಂಟೆ ಅಂತರದ ಎರಡು ತೂಕ ಒಂದೇ ಬರಬೇಕು. ಅಷ್ಟೇ ದ್ರಾವಕವನ್ನು ಪಾಚಿಯಿಲ್ಲದೆ ಆವಿ ಮಾಡಿ ಉಳಿದ ಶೇಷವನ್ನೂ ತೂಗಿ ಕಳೆಯಿರಿ.

ಸಂಖ್ಯೆ ತೀರಾ ಹೆಚ್ಚು ಬಂದರೂ ಅನುಮಾನಪಡಿ. ಹನಿಯೇ ಕಾಣದ ಪಾಚಿಯಿಂದ ಶೇ. 40 “ಎಣ್ಣೆ” ಬಂದರೆ ಅದರಲ್ಲಿ ದ್ರಾವಕ, ಉಪ್ಪು ಅಥವಾ ವರ್ಣದ್ರವ್ಯ ಸೇರಿದೆ.

## ಹಂತ 7: ಹಸಿರು ಮತ್ತು ಗೋಂದು ಕಳೆಯುವುದು

ಈಗ ಕೈಯಲ್ಲಿರುವ ಕಡು ಹಸಿರು ಜಿಡ್ಡಿನಲ್ಲಿ ಫಾಸ್ಫೋಲಿಪಿಡ್ ಗೋಂದಿನಂತೆ ವರ್ತಿಸುತ್ತದೆ, ಮುಂದೆ ಡೀಸೆಲ್ ಮಾಡುವಾಗ ಹುಟ್ಟುವ ಗ್ಲಿಸರಾಲ್ ಬೇರ್ಪಡದಂತೆ ತಡೆಯುತ್ತದೆ. ಜೈವಿಕ ಡೀಸೆಲ್‌ಗೆ ಯುರೋಪಿನ ಇಎನ್ 14214 ಮಾನದಂಡ ಕಿಲೋಗ್ರಾಂ ಡೀಸೆಲ್‌ಗೆ 4 ಮಿಲಿಗ್ರಾಂ ರಂಜಕಕ್ಕಷ್ಟೇ ಅವಕಾಶ ಕೊಡುತ್ತದೆ. ಕೆಲವೇ ಗ್ರಾಂ ಇರುವಾಗ ಎಣ್ಣೆಗೆ ಮಂಜಿನಷ್ಟು ತಣ್ಣನೆಯ ಅಸಿಟೋನ್ ಹಾಕಿ ತಂಪಿನಲ್ಲಿಡುವುದು ಸುಲಭ. ಫಾಸ್ಫೋಲಿಪಿಡ್ ಗಸಿಯಾಗಿ ಇಳಿಯುತ್ತದೆ, ತಿಳಿಯನ್ನು ಸೋಸಿ ಅಸಿಟೋನ್ ಆವಿ ಮಾಡಿ. ಕ್ಲೋರೋಫಾರ್ಮ್ ಮುಟ್ಟಿದ ಪಾತ್ರೆಗೆ ಅಸಿಟೋನ್ ಸುರಿಯಬೇಡಿ, ಕ್ಷಾರದ ಸೋಂಕಿದ್ದರೆ ಅದೂ ಅಪಾಯ.

ನಂತರ ಎಣ್ಣೆಯನ್ನು ಹೆಕ್ಸೇನ್‌ನಲ್ಲಿ ಕರಗಿಸಿ ಸಕ್ರಿಯ ಜೇಡಿ (ಬಣ್ಣ ಹೀರುವಂತೆ ಸಂಸ್ಕರಿಸಿದ ಜೇಡಿಮಣ್ಣು) ಸೇರಿಸಿ ಕಲಕಿ ಸೋಸಿದರೆ ಹರಿತ್ತಿನ ಬಹುಪಾಲು ಜೇಡಿಗೆ ಹಿಡಿಯುತ್ತದೆ. ಜೇಡಿ ಸ್ವಲ್ಪ ಎಣ್ಣೆಯನ್ನೂ ನುಂಗುತ್ತದೆ, ಹಾಗಾಗಿ ಕೈ ಹಿಡಿದು ಹಾಕಿ.

## ಹಂತ 8: ಆಮ್ಲಾಂಕ ತಿಳಿಯದೆ ಕ್ಷಾರ ಮುಟ್ಟಬೇಡಿ

ಎಣ್ಣೆಯಲ್ಲಿ ಎಷ್ಟು ಮುಕ್ತ ಆಮ್ಲವಿದೆ ಎಂದು ಹೇಳುವ ಸಂಖ್ಯೆಯೇ ಆಮ್ಲಾಂಕ. ಅರ್ಧ ಗ್ರಾಂ ಎಣ್ಣೆಯನ್ನು ತಟಸ್ಥಗೊಳಿಸಿದ ಐಸೋಪ್ರೊಪನಾಲ್‌ನಲ್ಲಿ ಕರಗಿಸಿ 0.1 ನಾರ್ಮಲ್ ಸಾಂದ್ರತೆಯ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ. ಎಲ್ಲೆಡೆ ಹೇಳುವ ಫಿನಾಲ್ಫ್ತಲೀನ್ ಎಂಬ ಬಣ್ಣದ ಸೂಚಕ ಇಲ್ಲಿ ಮೋಸ ಮಾಡುತ್ತದೆ. ಹಸಿರು ಎಣ್ಣೆಯಲ್ಲಿ ಅದರ ಗುಲಾಬಿ ಬಣ್ಣ ಕಾಣುವುದೇ ಇಲ್ಲ, ಕಾಣಲೆಂದು ಹನಿಸುತ್ತಾ ಹೋಗಿ ಸುಳ್ಳು ಸಂಖ್ಯೆ ಬರೆದುಕೊಳ್ಳುತ್ತೀರಿ. ಪಿಎಚ್ ಮೀಟರ್ ಬಳಸಿ, ಒಮ್ಮೆಲೇ ಜಿಗಿಯುವ ಬಿಂದುವನ್ನು ಗುರುತಿಸಿ.

ಲೆಕ್ಕ ಹೀಗೆ: 56.1ನ್ನು ಕ್ಷಾರದ ನಾರ್ಮಾಲಿಟಿಯಿಂದ ಮತ್ತು ಖರ್ಚಾದ ಮಿಲಿಲೀಟರ್‌ನಿಂದ ಗುಣಿಸಿ, ಎಣ್ಣೆಯ ಗ್ರಾಂನಿಂದ ಭಾಗಿಸಿ. 1.8 ಮಿಲಿಲೀಟರ್ ಖರ್ಚಾಗಿದ್ದರೆ ಆಮ್ಲಾಂಕ ಸುಮಾರು 20. ಅದರ ಅರ್ಧ, ಅಂದರೆ ಸುಮಾರು ಶೇ. 10 ಮುಕ್ತ ಕೊಬ್ಬಿನಾಮ್ಲ. ಆಮ್ಲಾಂಕ 2ರ ಒಳಗಿದ್ದರೆ ನೇರ ಕ್ಷಾರದ ದಾರಿ ಹಿಡಿಯಬಹುದು. ಮೇಲಿದ್ದರೆ ಮೊದಲು ಗಂಧಕಾಮ್ಲ ಮತ್ತು ಮೆಥನಾಲ್ ಜತೆ 60 ಡಿಗ್ರಿಯಲ್ಲಿ ಕಾಯಿಸಿ ಮುಕ್ತ ಆಮ್ಲವನ್ನು ಎಸ್ಟರ್ (ಜೈವಿಕ ಡೀಸೆಲ್‌ನ ಮುಖ್ಯ ವಸ್ತು) ಮಾಡಬೇಕು. ಆಗ ಹುಟ್ಟುವ ನೀರನ್ನು ಬೇರ್ಪಡಿಸಿ ಎಣ್ಣೆಯನ್ನು ಮತ್ತೆ ಒಣಗಿಸಿ, ಆಮ್ಲಾಂಕವನ್ನು ಮತ್ತೊಮ್ಮೆ ನೋಡಬೇಕು.

## ಹಂತ 9: ಡೀಸೆಲ್ ಆಗಿ ಪರಿವರ್ತನೆ

ಒಳ್ಳೆಯ ಎಣ್ಣೆ ಕೈಗೆ ಬಂದ ಮೇಲೆ ಈ ಹಂತ ಬೇರೆ ಯಾವುದೇ ಸಸ್ಯದ ಎಣ್ಣೆಯಂತೆಯೇ. ಒಂದು ಮೋಲ್ ಎಣ್ಣೆಗೆ ಆರು ಮೋಲ್ ಮೆಥನಾಲ್, ಅಂದರೆ ಎಣ್ಣೆಯ ತೂಕದ ಶೇ. 22ರಷ್ಟು. ಎಣ್ಣೆಯ ತೂಕದ ಶೇ. 1 ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಮೊದಲು ಆ ಮೆಥನಾಲ್‌ನಲ್ಲಿ ಕರಗಿಸಿಕೊಂಡು ಬೆಚ್ಚಗಿನ ಎಣ್ಣೆಗೆ ಸೇರಿಸಿ. ಆವಿ ತಂಪಾಗಿ ಹಿಂದಿರುಗುವ ಕಂಡೆನ್ಸರ್ ಹಾಕಿ 60 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ. ಮೆಥನಾಲ್ 65ರ ಹತ್ತಿರ ಕುದಿಯುವುದರಿಂದ ಅದಕ್ಕಿಂತ ಬಿಸಿ ಬೇಡ. ನಿಲ್ಲಿಸಿದಾಗ ಭಾರದ ಗ್ಲಿಸರಾಲ್ ತಳಕ್ಕಿಳಿಯುತ್ತದೆ. ಮೇಲಿನ ಎಸ್ಟರನ್ನು ಬೆಚ್ಚಗಿನ ನೀರಿನಲ್ಲಿ ಮೆಲ್ಲಗೆ ತೊಳೆದು ಒಣಗಿಸಿ. ಪದರವೇ ಆಗದೆ ಎಲ್ಲ ಗಟ್ಟಿಯಾದರೆ ಎಂಟನೆಯ ಹಂತದಲ್ಲಿ ಅಥವಾ ಒಣಗಿಸುವುದರಲ್ಲಿ ತಪ್ಪಿದ್ದೀರಿ.

## ಉಳಿದವುಗಳ ವಿಲೇವಾರಿ

ಎಣ್ಣೆ ತೆಗೆದ ಹಿಂಡಿ ಒಣಗಿದಂತೆ ಕಂಡರೂ ಅದರೊಳಗೆ ಹೆಕ್ಸೇನ್ ಕೂತಿರುತ್ತದೆ. ನೇರವಾಗಿ ಓವನ್‌ಗೆ ಹಾಕಬೇಡಿ. ಫ್ಯೂಮ್ ಹುಡ್‌ನಲ್ಲಿ ತೆಳುವಾಗಿ ಹರಡಿ ಒಂದು ದಿನ ಬಿಡಿ. ಕ್ಲೋರೋಫಾರ್ಮ್ ಸೇರಿದ ತ್ಯಾಜ್ಯಕ್ಕೆ ಪ್ರತ್ಯೇಕ ಡಬ್ಬಿ ಇರಲಿ, ಯಾವ ದ್ರಾವಕವೂ ಚರಂಡಿಗೆ ಹೋಗಬಾರದು. ತೆಗೆದ ಎಣ್ಣೆಯನ್ನು ಅದೇ ದಿನ ಬಳಸುವುದಿಲ್ಲವಾದರೆ ಕಂದು ಬಣ್ಣದ ಗಾಜಿನ ಸೀಸೆಗೆ ತುಂಬಿ, ಮೇಲಿನ ಖಾಲಿ ಜಾಗಕ್ಕೆ ಸಾರಜನಕ ಊದಿ, ಬಿಗಿಯಾಗಿ ಮುಚ್ಚಿ ಹೆಪ್ಪುಗಟ್ಟುವ ತಾಪದಲ್ಲಿಡಿ. ಸೀಸೆಯ ಮೇಲೆ ಪಾಚಿಯ ಹೆಸರು, ಕೊಯ್ದ ದಿನ, ಆಮ್ಲಾಂಕ ಬರೆದಿಡಿ. ಬಳಸುವ ದಿನ ಆಮ್ಲಾಂಕವನ್ನು ಇನ್ನೊಮ್ಮೆ ಅಳೆಯಿರಿ.